ಗುಳಿಗೆ ಕೊಟ್ಟಾಯಿತು, ಮುಂದೇನು?

ಸ್ಕಿಜೋಫ್ರೇನಿಯಾದಂಥ ಕಾಯಿಲೆಗೆ ಔಷಧ ಶುರುವಾಗಿ ಕೆಲವು ವಾರ ಕಳೆದರೆ ಮನೆಯವರು ಮೊದಲ ಸಲ ನಿಟ್ಟುಸಿರು ಬಿಡುತ್ತಾರೆ. ಕಿವಿಯಲ್ಲಿ ಯಾರೋ ಮಾತಾಡುವುದು ಬಹುಪಾಲು ಜನರಲ್ಲಿ ಕಡಿಮೆಯಾಗುತ್ತದೆ. ಪಕ್ಕದ ಮನೆಯವರು ಊಟಕ್ಕೆ ವಿಷ ಹಾಕಿದ್ದಾರೆ ಎಂಬ ಗುಮಾನಿ ಇಳಿಯುತ್ತದೆ. ರಾತ್ರಿ ನಿದ್ದೆ ಬರುತ್ತದೆ. ಆದರೆ ಎರಡು ಮೂರು ತಿಂಗಳಲ್ಲಿ ಅದೇ ಮನೆಯಿಂದ ಬೇರೆ ಥರದ ದೂರು ಏಳುತ್ತದೆ. ಹನ್ನೊಂದು ಗಂಟೆಯಾದರೂ ಹಾಸಿಗೆ ಬಿಡುವುದಿಲ್ಲ. ಸ್ನಾನ ಮಾಡು ಅಂದರೆ ನಾಳೆ ಅನ್ನುತ್ತಾನೆ. ಅಂಗಡಿಗೆ ಕಳಿಸಿದರೆ ಹೇಳಿದ ನಾಲ್ಕು ಸಾಮಾನಿನಲ್ಲಿ ಎರಡು ಮರೆತು ಬರುತ್ತಾನೆ. ನೆಂಟರು ಬಂದರೆ ಒಳಕೋಣೆ ಸೇರಿಕೊಳ್ಳುತ್ತಾನೆ. ಕಾಯಿಲೆ ವಾಸಿಯಾಗಿದೆ, ಈಗ ಬರೀ ಸೋಮಾರಿತನ ಎಂದು ಮನೆಯವರು ತೀರ್ಮಾನಿಸುತ್ತಾರೆ.

ಅದು ಸೋಮಾರಿತನ ಅಲ್ಲ. ಉತ್ಸಾಹ ಬತ್ತುವುದು, ಮುಖದಲ್ಲಿ ಭಾವನೆ ಕಾಣದಿರುವುದು, ಗಮನ ನಿಲ್ಲದಿರುವುದು, ಒಂದು ಕೆಲಸವನ್ನು ಯೋಚಿಸಿ ಹಂತಹಂತವಾಗಿ ಮಾಡಲು ಆಗದಿರುವುದು ಇವೆಲ್ಲ ಕಾಯಿಲೆಯದೇ ಲಕ್ಷಣಗಳು. ಈಗಿರುವ ಗುಳಿಗೆಗಳು ಭ್ರಮೆ ಮತ್ತು ಸಂಶಯಗಳ ಮೇಲೆ ಮಾಡುವಷ್ಟು ಕೆಲಸವನ್ನು ಇವುಗಳ ಮೇಲೆ ಮಾಡುವುದಿಲ್ಲ. ಹಾಗಂತ ಗುಳಿಗೆ ಬಿಡುವಂತಿಲ್ಲ. ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನ ವೈದ್ಯರು 2005ರಿಂದ ನಡೆಸಿದ ಸಮುದಾಯ ಕಾರ್ಯಕ್ರಮದಲ್ಲಿ, ಔಷಧ ತೆಗೆದುಕೊಂಡ ಸ್ಕಿಜೋಫ್ರೇನಿಯಾ ರೋಗಿಗಳ ಅಸಾಮರ್ಥ್ಯ ತೆಗೆದುಕೊಳ್ಳದವರಿಗಿಂತ ಕಡಿಮೆಯಿರುವುದು ಕಂಡುಬಂತು. ಔಷಧ ಅಡಿಪಾಯ. ಅದರ ಮೇಲೆ ಮತ್ತೆ ಏಳುವುದು, ಮೀಯುವುದು, ದುಡಿಯುವುದು, ನಾಲ್ಕು ಜನರ ನಡುವೆ ನಿಲ್ಲುವುದು ಇವನ್ನು ಕಟ್ಟಿಕೊಡುವ ಕೆಲಸಕ್ಕೆ ಮನೋವೈದ್ಯಕೀಯ ಪುನರ್ವಸತಿ ಎನ್ನುತ್ತಾರೆ.

ಈ ಕೆಲಸದಲ್ಲಿ ಬೆಂಗಳೂರಿಗೆ ಹಳೆಯ ಹೆಸರಿದೆ. ಮೆಡಿಕೊ ಪ್ಯಾಸ್ಟೋರಲ್ ಅಸೋಸಿಯೇಷನ್ ಇಲ್ಲಿ ಆರಂಭವಾದದ್ದು 1964ರಲ್ಲಿ. ಆಸ್ಪತ್ರೆಗೂ ಮನೆಗೂ ನಡುವಣ ತಂಗುಮನೆ ಎಂಬ ಕಲ್ಪನೆ ದೇಶದಲ್ಲಿ ಬೇರೂರಿದ್ದರಲ್ಲಿ ಅದರ ಪಾತ್ರ ದೊಡ್ಡದು. 1986ರಲ್ಲಿ ರಿಚ್ಮಂಡ್ ಫೆಲೋಶಿಪ್ ಸೊಸೈಟಿ ಬಂತು. ನಿಮ್ಹಾನ್ಸ್‌ನ ಪುನರ್ವಸತಿ ವಿಭಾಗದಲ್ಲಿ ಬೇಕರಿ, ಮರಗೆಲಸ, ನೇಯ್ಗೆ, ಹೊಲಿಗೆ, ಮುದ್ರಣ, ತೋಟಗಾರಿಕೆ ಎಂದು ಹಲವು ಶಾಖೆಗಳಿವೆ. ಆವರಣದಲ್ಲಿ ಚೇತರಿಸಿಕೊಳ್ಳುತ್ತಿರುವವರೇ ದುಡಿಯುವ ಒಂದು ಕೆಫೆಯೂ ಇದೆ. ಎಲ್ಲವೂ ಒಳ್ಳೆಯ ಕೆಲಸವೇ. ಆದರೆ ಬೆಳಿಗ್ಗೆ ಬಂದು ಸಂಜೆ ಮನೆಗೆ ಹೋಗುವಷ್ಟು ಹತ್ತಿರ ಇರುವವರಿಗೆ, ಇಲ್ಲವೇ ತಿಂಗಳುಗಟ್ಟಲೆ ಅಲ್ಲೇ ತಂಗಬಲ್ಲವರಿಗೆ ಮಾತ್ರ ಅದು ಸಿಗುತ್ತದೆ. ಜಗಳೂರಿನವರಿಗೆ, ಯಾದಗಿರಿಯವರಿಗೆ, ಜೋಯಿಡಾದವರಿಗೆ ಏನು? ತಿಂಗಳ ಗುಳಿಗೆ ತರಲು ಒಂದು ದಿನದ ಕೂಲಿ ಬಿಡಬೇಕಾದ ಮನೆಯವರು ವಾರಕ್ಕೆ ಐದು ದಿನ ಮಗನನ್ನು ತರಬೇತಿಗೆ ಕರೆದೊಯ್ಯುವ ಮಾತೇ ಇಲ್ಲ. 12 ರಾಜ್ಯಗಳಲ್ಲಿ ನಡೆದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಬೇರೆ ಬೇರೆ ಮಾನಸಿಕ ಕಾಯಿಲೆಗಳಲ್ಲಿ ಶೇ 70ರಿಂದ 92ರಷ್ಟು ಜನರಿಗೆ ಚಿಕಿತ್ಸೆಯೇ ತಲುಪುತ್ತಿರಲಿಲ್ಲ. ಗುಳಿಗೆಯೇ ತಲುಪದ ಕಡೆ ಗುಳಿಗೆಯ ನಂತರದ ಕೆಲಸ ತಲುಪಿಲ್ಲ ಎಂಬುದರಲ್ಲಿ ಆಶ್ಚರ್ಯವಿಲ್ಲ.

ಕಾನೂನು ಮಾತ್ರ ಸ್ಪಷ್ಟವಾಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಸೆಕ್ಷನ್ ಸರ್ಕಾರ ಒದಗಿಸಲೇಬೇಕಾದ ಸೇವೆಗಳನ್ನು ಹೆಸರಿಸುತ್ತದೆ. ಹೊರರೋಗಿ, ಒಳರೋಗಿ ಸೇವೆಗಳ ಜೊತೆಗೆ ಮನೆಯಲ್ಲೇ ನೀಡುವ ಪುನರ್ವಸತಿಗೆ ಬೆಂಬಲ, ಸಮುದಾಯ ಆಧಾರಿತ ಪುನರ್ವಸತಿ ಎರಡೂ ಆ ಪಟ್ಟಿಯಲ್ಲಿವೆ. ಇದು ಹಕ್ಕು. ಈ ಹಕ್ಕನ್ನು ಹಳ್ಳಿಯ ಮನೆಗೆ ಮುಟ್ಟಿಸುವ ದಾರಿಗಳಲ್ಲಿ ಫೋನು ಒಂದು ಎಂಬ ಅರಿವು ವ್ಯಾಪಕವಾಗಿ ಮೂಡಿದ್ದು 2020ರ ಲಾಕ್‌ಡೌನ್‌ನಲ್ಲಿ. ಹಗಲು ಆರೈಕೆ ಕೇಂದ್ರಗಳು ಬಾಗಿಲು ಹಾಕಿದವು, ಬಸ್ಸುಗಳು ನಿಂತವು. ಆ ಮಾರ್ಚ್ 25ರಂದೇ ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಬಂತು. ವೈದ್ಯರು ಫೋನಿನಲ್ಲಿ ನೋಡಿ ಔಷಧ ಬರೆಯಬಹುದೇ ಎಂಬ ಗೊಂದಲ ಬಹುಮಟ್ಟಿಗೆ ತೀರಿತು. ಮನೋವೈದ್ಯರಿಗೆಂದೇ ಭಾರತೀಯ ಮನೋವೈದ್ಯಕೀಯ ಸಂಘ ಮತ್ತು ನಿಮ್ಹಾನ್ಸ್ ಸೇರಿ ಅದೇ ವರ್ಷ ಪ್ರತ್ಯೇಕ ಮಾರ್ಗಸೂಚಿ ತಂದವು. ಮಾದಕವಸ್ತು ಕಾಯ್ದೆಯಡಿ ಬರುವ ಬಹುಪಾಲು ಔಷಧಗಳನ್ನು ದೂರದಿಂದ ಬರೆಯುವಂತಿಲ್ಲ, ರೋಗಿಯ ಒಪ್ಪಿಗೆ ಇರಬೇಕು, ಯಾವಾಗ ಬೇಕಾದರೂ ನೇರವಾಗಿ ಬನ್ನಿ ಎಂದು ಹೇಳುವ ವಿವೇಚನೆ ವೈದ್ಯರದು, ಹೀಗೆ ನಿಯಮಗಳಿವೆ.

ನಿಯಮದ ಮಾತು ಇಷ್ಟು ಸಾಕು. ಕರೆ ನಡೆಯುವುದು ಹೇಗೆ ಎಂಬುದನ್ನು ಹತ್ತಿರದಿಂದ ನೋಡೋಣ. ಇಲ್ಲಿ ಬರುವ ಹುಡುಗ ಯಾರೋ ಒಬ್ಬನಲ್ಲ. ಇಂಥ ಮನೆಗಳಲ್ಲಿ ಮತ್ತೆ ಮತ್ತೆ ಎದುರಾಗುವ ಹಲವರನ್ನು ಸೇರಿಸಿ ಮಾಡಿಕೊಂಡ ಚಿತ್ರ.

ವಯಸ್ಸು ಇಪ್ಪತ್ತೇಳು. ಐಟಿಐ ಅರ್ಧಕ್ಕೆ ಬಿಟ್ಟವನು. ಔಷಧ ಶುರುವಾಗಿ ಎಂಟು ತಿಂಗಳು. ದಾವಣಗೆರೆ ಕಡೆಯ ಹಳ್ಳಿ, ಒಂದು ಹಸು, ಸ್ವಲ್ಪ ಮೆಕ್ಕೆಜೋಳದ ಹೊಲ. ಬೆಂಗಳೂರಿನಿಂದ ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆ ವಿಡಿಯೊ ಕಾಲ್ ಮಾಡುತ್ತಾರೆ. ಮೊದಲು ಫೋನ್ ಹಿಡಿಯುವುದು ತಾಯಿ. “ಹನ್ನೊಂದರ ತನಕ ಮಲಗಿರ್ತಾನೆ ಮೇಡಂ. ಬೈದ್ರೂ ಅಷ್ಟೇ, ಬೇಡಿಕೊಂಡ್ರೂ ಅಷ್ಟೇ. ನಾನೊಬ್ಳೇ ಏನ್ ಮಾಡಾದು ಹೇಳ್ರಿ?” ಕಾರ್ಯಕರ್ತೆ ಉಪದೇಶಕ್ಕೆ ಇಳಿಯುವುದಿಲ್ಲ. “ಅಮ್ಮ, ಫೋನ್ ಹಿಡ್ಕೊಂಡು ಸ್ವಲ್ಪ ಮನೆ ತೋರಿಸ್ತೀರಾ?” ಎನ್ನುತ್ತಾರೆ. ಕಿಟಕಿಯಿಲ್ಲದ ಒಳಕೋಣೆಯಲ್ಲಿ ಅವನ ಹಾಸಿಗೆ. ಟಿವಿ ಮೇಲೆ ಗುಳಿಗೆಯ ಪಟ್ಟಿ. ಯಾವಾಗ ಕೊಡುತ್ತೀರಿ ಎಂದು ಕೇಳಿದರೆ, ಬೆಳಿಗ್ಗೆ ತಿಂಡಿ ಆದಮೇಲೆ, ರಾತ್ರಿ ಮರೆತುಹೋಗುತ್ತದೆ ಎಂದು ಉತ್ತರ. ತೂಕಡಿಕೆ ತರುವ ಔಷಧ ಅದು. ಆಸ್ಪತ್ರೆಯ ಮೇಜಿನ ಮುಂದೆ ಕೂತು ಎಂಟು ತಿಂಗಳಲ್ಲಿ ಯಾರೂ ಹೇಳದ, ಯಾರೂ ಕೇಳದ ಸಂಗತಿ, ಮನೆಯೊಳಗೆ ಕ್ಯಾಮೆರಾ ಹೋದ ಐದು ನಿಮಿಷದಲ್ಲಿ ಸಿಕ್ಕಿತು. ವೈದ್ಯರನ್ನು ಕೇಳಿ ಗುಳಿಗೆಯ ಹೊತ್ತು ರಾತ್ರಿಗೆ ಬದಲಾಗುತ್ತದೆ.

ಆಮೇಲೆ ಹುಡುಗನೇ ಫೋನ್ ಹಿಡಿಯುತ್ತಾನೆ. ಹಿತ್ತಲಲ್ಲಿ ಹಸು ಕಾಣುತ್ತದೆ. ಮುಂಚೆ ಡೇರಿಗೆ ಹಾಲು ಹಾಕಿ ಬರುತ್ತಿದ್ದವರು ಯಾರು ಎಂದು ಕಾರ್ಯಕರ್ತೆ ಕೇಳುತ್ತಾರೆ. ನಾನೇ, ಎನ್ನುತ್ತಾನೆ. ಆ ಒಂದು ಉತ್ತರದಲ್ಲಿ ಮುಂದಿನ ನಾಲ್ಕು ತಿಂಗಳ ಕೆಲಸವಿದೆ. ಹಳ್ಳಿಯ ಹಾಲಿನ ಡೇರಿಗೆ ಹೋಗಿಬರುವುದು ಎಂದರೆ ಏನೆಲ್ಲ ಎಂದು ನೋಡಿ. ಹೊತ್ತಿಗೆ ಏಳಬೇಕು. ಮುಖ ತೊಳೆದು ಬೇರೆ ಅಂಗಿ ಹಾಕಬೇಕು. ಕ್ಯಾನು ಹಿಡಿದು ಊರ ನಡುವೆ ನಡೆಯಬೇಕು. ಸಾಲಿನಲ್ಲಿ ನಿಲ್ಲಬೇಕು. ಲೀಟರು, ಫ್ಯಾಟು ಬರೆದದ್ದು ಸರಿಯಿದೆಯೇ ನೋಡಿಕೊಳ್ಳಬೇಕು. ಎಲ್ಲಕ್ಕಿಂತ ಕಷ್ಟದ್ದು, “ಎಲ್ಲೋಗಿದ್ಯೋ ಇಷ್ಟ್ ದಿನ?” ಎಂದು ಕೇಳಿದವರಿಗೆ ಉತ್ತರ ಕೊಡಬೇಕು.

ಮೊದಲ ವಾರ ಡೇರಿಯ ಮಾತೇ ಇಲ್ಲ. ಏಳು ಗಂಟೆಗೆ ಎದ್ದು ಹಸುವಿಗೆ ಮೇವು ಹಾಕಿ, ಹಾಕಿದ್ದರ ಒಂದು ಫೋಟೊ ವಾಟ್ಸ್‌ಆ್ಯಪ್‌ಗೆ ಕಳಿಸುವುದು, ಅಷ್ಟೇ. ವಾರದಲ್ಲಿ ಮೂರು ದಿನ ಫೋಟೊ ಬರುತ್ತದೆ. ಮುಂದಿನ ಕರೆಯಲ್ಲಿ ಕಾರ್ಯಕರ್ತೆ ಕೇಳುವುದು ಆ ಮೂರು ದಿನದ ಬಗ್ಗೆ: ಆವತ್ತು ಏಳಲು ಏನು ಅನುಕೂಲವಾಯಿತು? ಬಾರದ ನಾಲ್ಕು ದಿನವನ್ನು ಅವರು ಕೆದಕುವುದಿಲ್ಲ. ತಾಯಿಗೂ ಒಂದು ಕೆಲಸವಿದೆ. ಒಂದೇ ಸಲ ಎಬ್ಬಿಸುವುದು, ಬೈಯದೆ. ಇದು ಬರೀ ಸೌಜನ್ಯದ ಮಾತಲ್ಲ. ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಮತ್ತು ಸಂಗಡಿಗರು ದಶಕಗಳ ಹಿಂದೆ ತೋರಿಸಿದ್ದು, ಮನೆಯಲ್ಲಿ ಸದಾ ಟೀಕೆ, ಕೋಪ ಇದ್ದರೆ ಸ್ಕಿಜೋಫ್ರೇನಿಯಾ ಮರುಕಳಿಸುವುದು ಹೆಚ್ಚು ಎಂದು. ಆಮೇಲೆ ಇತರ ದೇಶಗಳಲ್ಲೂ ಅದು ಮತ್ತೆ ಮತ್ತೆ ಕಂಡಿದೆ. ಆಸ್ಪತ್ರೆಯಲ್ಲಿ ಕೂತ ತಾಯಿ ಮೃದುವಾಗಿಯೇ ಮಾತಾಡುತ್ತಾಳೆ. ಮನೆಯ ಕರೆಯಲ್ಲಿ ಅಡುಗೆಮನೆಯಿಂದ ಬರುವ ಗದರಿಕೆಯೂ ಕೇಳಿಸುತ್ತದೆ, ಆ ತಾಯಿಯ ಸುಸ್ತೂ ಕಾಣಿಸುತ್ತದೆ. ಅವಳೊಂದಿಗೆ ಬೇರೆಯಾಗಿ ಅರ್ಧ ತಾಸು ಮಾತಾಡಬೇಕು ಎಂಬುದೂ ಆಗಲೇ ಗೊತ್ತಾಗುವುದು.

ಆರನೇ ವಾರದ ಹೊತ್ತಿಗೆ ಕಾರ್ಯಕರ್ತೆ ಪರದೆಯಲ್ಲಿ ಡೇರಿ ಮುಂದಿನ ನೆರೆಯವರಾಗುತ್ತಾರೆ. ಎಲ್ಲಿ ಹೋಗಿದ್ದೆ, ಯಾಕೆ ದಪ್ಪ ಆಗಿದ್ದೀಯ, ಮದುವೆ ಯಾವಾಗ ಎಂದು ಒಂದಾದ ಮೇಲೊಂದು ಕೇಳುತ್ತಾರೆ. ಅವನು ಮೊದಲು ತಲೆ ತಗ್ಗಿಸುತ್ತಾನೆ. ಐದಾರು ಸಲ ಆದಮೇಲೆ “ಹುಷಾರಿರ್ಲಿಲ್ಲ ಅಣ್ಣ, ಈಗ ಪರವಾಗಿಲ್ಲ” ಎಂಬ ಒಂದು ವಾಕ್ಯ ನಾಲಿಗೆಗೆ ಕೂರುತ್ತದೆ. ಅಷ್ಟು ಸಾಕು. ಮರುದಿನ ತಂದೆ ಜೊತೆಗೆ, ಮುಂದಿನ ವಾರ ತಂದೆ ಹತ್ತು ಹೆಜ್ಜೆ ಹಿಂದೆ, ಅದರ ಮುಂದಿನ ವಾರ ಒಬ್ಬನೇ.

ದೂರದಿಂದ ಕೊಡುವ ಪುನರ್ವಸತಿ ಅಂದರೆ ಆಸ್ಪತ್ರೆಯಲ್ಲಿ ಸಿಗುವುದರ ಕಡಿಮೆ ದರ್ಜೆಯ ನಕಲು ಎಂದು ಹಲವರು ತಿಳಿದಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಒಂದು ವಿಷಯದಲ್ಲಂತೂ ಅದು ಆಸ್ಪತ್ರೆಗಿಂತ ಮೇಲು. ಒಂದು ಜಾಗದಲ್ಲಿ ಕಲಿತದ್ದು ಇನ್ನೊಂದು ಜಾಗಕ್ಕೆ ತಾನಾಗಿ ಬರುವುದಿಲ್ಲ ಎಂಬುದು ಈ ಕ್ಷೇತ್ರದ ಹಳೆಯ ತೊಡಕು. ಬೆಂಗಳೂರಿನ ಬೇಕರಿಯಲ್ಲಿ ಮೂರು ತಿಂಗಳು ಚೆನ್ನಾಗಿ ಬನ್ನು ಬೇಯಿಸಿದವರು, ಬೇಕರಿಯೇ ಇಲ್ಲದ ಊರಿಗೆ ಮರಳಿ ಮತ್ತೆ ಅದೇ ಒಳಕೋಣೆ ಸೇರುತ್ತಾರೆ. ಯೋಚಿಸಿ ಹಂತಹಂತವಾಗಿ ಹೊಂದಿಸಿಕೊಳ್ಳುವ ಶಕ್ತಿಯನ್ನೇ ಕಾಯಿಲೆ ಕುಗ್ಗಿಸಿರುವಾಗ, ಅಲ್ಲಿ ಕಲಿತದ್ದನ್ನು ಇಲ್ಲಿಗೆ ಹೊಂದಿಸಿಕೋ ಎನ್ನುವುದು ಅತಿಯಾದ ನಿರೀಕ್ಷೆ. ಅವರ ಹಸು, ಅವರ ಒಲೆ, ಅವರ ಊರಿನ ಡೇರಿ ಇವುಗಳಲ್ಲೇ ಕಲಿತರೆ ಸಾಗಿಸಬೇಕಾದ್ದು ಏನೂ ಉಳಿಯುವುದಿಲ್ಲ.

ಆದರೆ ಇದಕ್ಕೊಂದು ಷರತ್ತಿದೆ. ಪರದೆಯ ಆ ತುದಿಯಲ್ಲಿ ನಡೆದು ಹೋಗುವ ಕಾಲುಗಳು ಬೇಕು. ಮೂರು ದಿನ ಫೋಟೊ ಬಾರದಿದ್ದರೆ, ಫೋನ್ ಸ್ವಿಚ್ ಆಫ್ ಆಗಿದ್ದರೆ, ಬೆಂಗಳೂರಿನಿಂದ ಏನೂ ಮಾಡಲಾಗುವುದಿಲ್ಲ. ಮನೆ ಬಾಗಿಲಿಗೆ ಹೋಗಿ ಏನಾಯಿತು ಎಂದು ಕೇಳುವವರು ಊರಿನವರೇ ಆಗಿರಬೇಕು.

ಈ ವಿಷಯದಲ್ಲಿ ಕರ್ನಾಟಕದ ಕೈ ಬರಿದಲ್ಲ. ಅಂಗವಿಕಲರ ಇಲಾಖೆಯಡಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿಗೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಜನ ಕರೆಯುವುದು ವಿಆರ್‌ಡಬ್ಲ್ಯು, ಎಂಆರ್‌ಡಬ್ಲ್ಯು ಎಂದೇ. ಇವರಲ್ಲಿ ಬಹುಪಾಲು ಜನ ತಾವೂ ಅಂಗವಿಕಲರು. ಗಾಲಿಕುರ್ಚಿ, ಬಸ್ ಪಾಸು, ಪಿಂಚಣಿ ಅರ್ಜಿಗಳಲ್ಲಿ ಪಳಗಿದವರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮಾನಸಿಕ ಕಾಯಿಲೆಯನ್ನೂ 21 ಬಗೆಯ ಅಂಗವೈಕಲ್ಯಗಳ ಪಟ್ಟಿಯಲ್ಲಿ ಸೇರಿಸಿದೆ. ಹಾಗಾಗಿ ಮಾನಸಿಕ ಕಾಯಿಲೆಯವರೂ ಈ ಕಾರ್ಯಕರ್ತರ ಪಾಲಿನವರೇ. ದಾವಣಗೆರೆ ಜಿಲ್ಲೆಯ ಜಗಳೂರು ತಾಲ್ಲೂಕಿನಲ್ಲಿ ನಿಮ್ಹಾನ್ಸ್ ತಂಡ, ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ ಎಂಬ ಸಂಸ್ಥೆ ಮತ್ತು ಲಿವ್ ಲವ್ ಲಾಫ್ ಫೌಂಡೇಷನ್ ಇದನ್ನೇ ಹಿಡಿದು ಕೆಲಸ ಮಾಡಿದವು. ಅಂಗವಿಕಲರಿಗೆಂದು ಆಗಲೇ ಇದ್ದ ಜನರನ್ನೂ ಜಾಲವನ್ನೂ ಮಾನಸಿಕ ಕಾಯಿಲೆಯವರ ಕಡೆಗೂ ತಿರುಗಿಸಿದವು. ಬೆಂಗಳೂರಿನಿಂದ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರದ, ಮಳೆ ಕಮ್ಮಿ ಬೀಳುವ ತಾಲ್ಲೂಕು ಅದು. ಅಲ್ಲಿನ ಅನುಭವಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ನರೇಗಾದ ಪ್ರಸಂಗ. ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿದ್ದವರಿಗೆ ಉದ್ಯೋಗ ಖಾತ್ರಿಯಲ್ಲಿ ಕೆಲಸ ಕೊಡಿಸಿದ್ದನ್ನು ಆ ತಂಡ ವೈದ್ಯಕೀಯ ಪತ್ರಿಕೆಯಲ್ಲಿ ಬರೆದಿಟ್ಟಿದೆ. ಹೊಸ ಕಾರ್ಯಾಗಾರ ಕಟ್ಟಲಿಲ್ಲ, ಮೊಂಬತ್ತಿ ಮಾಡುವುದನ್ನು ಕಲಿಸಲಿಲ್ಲ. ಊರಿನವರೆಲ್ಲ ಹೋಗುವ ಕೆಲಸಕ್ಕೇ ಇವರೂ ಹೋದರು, ತಮ್ಮ ಹೆಸರಿಗೆ ಕೂಲಿ ಪಡೆದರು.

ತಜ್ಞರಲ್ಲದವರು ಇಂಥ ಕೆಲಸ ಮಾಡಬಲ್ಲರೇ ಎಂಬ ಸಂಶಯಕ್ಕೂ ಪುರಾವೆ ಉತ್ತರ ಕೊಟ್ಟಿದೆ. ತಮಿಳುನಾಡು, ಗೋವಾ, ಮಹಾರಾಷ್ಟ್ರಗಳಲ್ಲಿ 282 ಸ್ಕಿಜೋಫ್ರೇನಿಯಾ ರೋಗಿಗಳ ಮೇಲೆ ನಡೆದು 2014ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತರಬೇತಿ ಪಡೆದ ಸಮುದಾಯ ಕಾರ್ಯಕರ್ತರು ಮನೆಗೆ ಹೋಗಿ ಆರೈಕೆ ಕೊಟ್ಟವರಲ್ಲಿ ಅಸಾಮರ್ಥ್ಯ ಇಳಿಯಿತು. ಇಳಿದದ್ದು ಸಾಧಾರಣ ಪ್ರಮಾಣದಲ್ಲಿ. ಅದನ್ನು ಉಬ್ಬಿಸಿ ಹೇಳುವುದು ಬೇಡ. ಆದರೆ ವರ್ಷಗಟ್ಟಲೆ ಗೋಡೆ ನೋಡುತ್ತ ಮಲಗಿದ್ದವರ ಮನೆಯಲ್ಲಿ ಸಾಧಾರಣ ಪ್ರಮಾಣ ಎಂದರೆ ಎಷ್ಟು ದೊಡ್ಡದು ಎಂಬುದು ಆ ಮನೆಯವರಿಗೆ ಗೊತ್ತು.

ಫೋನಿಗೆ ಆಗದ ಕೆಲಸಗಳನ್ನೂ ಹೇಳಲೇಬೇಕು. ಕ್ಲೋಜಪಿನ್ ಎಂಬ ಔಷಧ ತೆಗೆದುಕೊಳ್ಳುವವರಿಗೆ ರಕ್ತದ ಬಿಳಿಕಣಗಳ ಎಣಿಕೆ ಕಾಲಕಾಲಕ್ಕೆ ಆಗಲೇಬೇಕು. ಈ ಔಷಧಗಳಲ್ಲಿ ಹಲವು ತೂಕವನ್ನೂ ಸಕ್ಕರೆಯನ್ನೂ ಏರಿಸುತ್ತವೆ. ತಕ್ಕಡಿ, ಸೂಜಿ, ರಕ್ತದೊತ್ತಡದ ಪಟ್ಟಿ ಊರಿನ ಹತ್ತಿರದ ಆರೋಗ್ಯ ಕೇಂದ್ರದಲ್ಲಿರಬೇಕು. ಕೈ ನಡುಕ ಪರದೆಯಲ್ಲಿ ಕಂಡೀತು, ಕೈಕಾಲಿನ ಬಿಗಿತ ಮುಟ್ಟಿ ನೋಡದೆ ಸರಿಯಾಗಿ ತಿಳಿಯುವುದಿಲ್ಲ. ತನ್ನ ಮಾತನ್ನು ಫೋನಿನ ಮೂಲಕ ಯಾರೋ ಕದ್ದು ಕೇಳುತ್ತಿದ್ದಾರೆ ಎಂದು ನಂಬಿರುವ ವ್ಯಕ್ತಿಯ ಮುಖಕ್ಕೆ ಕ್ಯಾಮೆರಾ ಹಿಡಿಯುವುದು ತಪ್ಪು. ಮೊದಲು ಊರಿನ ಕಾರ್ಯಕರ್ತೆ ಬಳಿಯಲ್ಲಿ ಕೂತು ಬರೀ ಧ್ವನಿಯ ಕರೆಯಲ್ಲಿ ಪರಿಚಯವಾಗಬೇಕು. ಪ್ರಾಣಕ್ಕೆ ಅಪಾಯವಿದ್ದರೆ, ಊಟ ನೀರು ಬಿಟ್ಟಿದ್ದರೆ, ಅದು ಆಸ್ಪತ್ರೆಯ ಕೆಲಸ. ಮುಂದಿನ ವಾರದ ಕರೆಗೆ ಕಾಯುವಂತಿಲ್ಲ.

ಹೆಂಗಸರ ಸ್ಥಿತಿ ಬೇರೆಯೇ. ಎಷ್ಟೋ ಮನೆಗಳಲ್ಲಿ ಸ್ಮಾರ್ಟ್‌ಫೋನ್ ಇರುವುದು ಒಂದೇ, ಅದು ಗಂಡನ ಜೇಬಿನಲ್ಲಿ, ಅವನು ಬರುವುದು ರಾತ್ರಿ. ಕರೆ ಬಂದರೂ ಅತ್ತೆ, ಮೈದುನ, ಮಕ್ಕಳು ಸುತ್ತ ಕೂತ ಒಂದೇ ಅಂಕಣದ ಮನೆಯಲ್ಲಿ ಅವಳು ಹೇಳಬೇಕಾದ್ದನ್ನು ಹೇಳುವುದಾದರೂ ಹೇಗೆ? ಗಂಡ ಹೊಡೆಯುತ್ತಾನೆ ಎಂಬುದು, ಔಷಧದಿಂದ ಮುಟ್ಟು ನಿಂತಿದೆ ಎಂಬುದು ಸ್ಪೀಕರ್ ಆನ್ ಇರುವಾಗ ಬರುವ ಮಾತುಗಳಲ್ಲ. ಹೆಂಗಸರಿಗೆ ಕರೆಯನ್ನು ಮನೆಗೆ ಮಾಡದೆ, ಉಪಕೇಂದ್ರದಲ್ಲೋ ಅಂಗನವಾಡಿಯಲ್ಲೋ ಒಂದು ಬಾಗಿಲು ಹಾಕುವ ಕೋಣೆಯಲ್ಲಿ, ಆಶಾ ಕಾರ್ಯಕರ್ತೆಯ ಫೋನಿನಲ್ಲಿ ಏರ್ಪಾಡು ಮಾಡುವುದು ಒಳ್ಳೆಯದು. ಫೋಟೊಗಳ ವಿಷಯದಲ್ಲೂ ಎಚ್ಚರ ಬೇಕು. ಹಸುವಿಗೆ ಮೇವು ಹಾಕಿದ ಚಿತ್ರ ಕಾರ್ಯಕರ್ತೆಯ ಫೋನಿಗೆ ಮಾತ್ರ ಹೋಗಬೇಕು. ಹತ್ತು ಕುಟುಂಬಗಳಿರುವ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರೆ, ಸಂಜೆಯೊಳಗೆ ಯಾರ ಮಗನಿಗೆ ಏನಾಗಿದೆ ಎಂಬುದು ನಾಲ್ಕು ಊರಿಗೆ ಗೊತ್ತಾಗುತ್ತದೆ.

2022ರ ಅಕ್ಟೋಬರ್ 10ರಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಬಂತು. 14416ಕ್ಕೆ ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ತಂತ್ರಜ್ಞಾನದ ನೆರವು ಬೆಂಗಳೂರಿನ ಐಐಐಟಿಯದು. ಇದುವರೆಗೆ ಲಕ್ಷಗಟ್ಟಲೆ ಜನ ಕರೆ ಮಾಡಿದ್ದಾರೆ. ನಿದ್ದೆ ಬಾರದವರು, ಪರೀಕ್ಷೆಗೆ ಹೆದರಿದವರು, ಸಾಯುವ ಯೋಚನೆಯಲ್ಲಿದ್ದವರು ಅಲ್ಲಿ ಒಂದು ದನಿ ಕಂಡುಕೊಂಡಿದ್ದಾರೆ. ಅದು ಮಾಡಬೇಕಾದ ಕೆಲಸವನ್ನೇ ಮಾಡುತ್ತಿದೆ. ಆದರೆ ಪುನರ್ವಸತಿ ಒಂದು ಕರೆಯಲ್ಲಿ ಮುಗಿಯುವುದಿಲ್ಲ. ಇವತ್ತು ಒಬ್ಬರು, ನಾಳೆ ಇನ್ನೊಬ್ಬರು ಎತ್ತಿಕೊಳ್ಳುವ ಸಹಾಯವಾಣಿಯಿಂದ ಅದು ಆಗುವುದೂ ಇಲ್ಲ. ಡೇರಿಯ ಹುಡುಗನಿಗೆ ಆರು ತಿಂಗಳು, ವರ್ಷ ಒಂದೇ ದನಿ ಬೇಕು. ಮೂರನೇ ವಾರ ಅವನು ಯಾಕೆ ಎದ್ದಿರಲಿಲ್ಲ ಎಂಬುದು ನೆನಪಿರುವ ಒಬ್ಬರು ಬೇಕು. ಮೊದಲ ಕರೆ 14416ಕ್ಕೆ ಬರಲಿ, ಅಲ್ಲಿಂದ ಜಿಲ್ಲೆಯ ಮಾನಸಿಕ ಆರೋಗ್ಯ ತಂಡದ ಒಬ್ಬ ನಿರ್ದಿಷ್ಟ ಕಾರ್ಯಕರ್ತರಿಗೂ ಆ ಪಂಚಾಯಿತಿಯ ವಿಆರ್‌ಡಬ್ಲ್ಯುಗೂ ಹೆಸರು ದಾಟಲಿ. ಇದಕ್ಕೆ ಹೊಸ ತಂತ್ರಜ್ಞಾನವೇನೂ ಬೇಡ, ಆರೋಗ್ಯ ಇಲಾಖೆ ಮತ್ತು ಅಂಗವಿಕಲರ ಇಲಾಖೆ ಪರಸ್ಪರ ಮಾತಾಡಬೇಕು. 1985ರ ಸುಮಾರಿಗೆ ಬಳ್ಳಾರಿಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ಮಾನಸಿಕ ಕಾಯಿಲೆಯ ಚಿಕಿತ್ಸೆ ಕಲಿಸಿ, ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ ಕೊಟ್ಟ ರಾಜ್ಯ ನಮ್ಮದು. ಇದೂ ಇಲ್ಲಿ ಆಗಬಲ್ಲದು.

ಲೆಕ್ಕ ಇಡುವ ಕ್ರಮವೂ ಬದಲಾಗಬೇಕು. ಎಷ್ಟು ಕರೆ ಬಂತು, ಎಷ್ಟು ನಿಮಿಷ ಮಾತಾಡಿದರು ಎಂಬುದನ್ನು ಯಂತ್ರವೇ ಎಣಿಸುತ್ತದೆ. ಎಷ್ಟು ಜನ ಕೂಲಿಗೆ ಮರಳಿದರು, ಎಷ್ಟು ಜನ ತಮ್ಮ ಗುಳಿಗೆಯನ್ನು ತಾವೇ ತೆಗೆದುಕೊಳ್ಳುತ್ತಾರೆ, ಎಷ್ಟು ತಾಯಂದಿರು ವರ್ಷಗಳ ನಂತರ ತವರಿನ ಜಾತ್ರೆಗೆ ಹೋಗಿಬಂದರು ಎಂಬುದನ್ನು ಮನೆಗೆ ಹೋದವರೇ ಬರೆಯಬೇಕು. ಹಾಗೆ ಮನೆಮನೆಗೆ ಹೋಗುವ ವಿಆರ್‌ಡಬ್ಲ್ಯು ಮತ್ತು ಆಶಾ ಕಾರ್ಯಕರ್ತೆಯರಿಗೆ ಇಂದಿಗೂ ಸಂಬಳವಿಲ್ಲ, ಗೌರವಧನ ಮಾತ್ರ. ಅದರ ಮೇಲೆ ಇದನ್ನೂ ಹೇರಿ, ಮೊಬೈಲ್ ಡೇಟಾ ಖರ್ಚನ್ನೂ ಅವರೇ ಭರಿಸಲಿ ಎನ್ನುವುದು ಅನ್ಯಾಯ. ಈ ಕೆಲಸಕ್ಕೆಂದು ವಾರದಲ್ಲಿ ಇಂತಿಷ್ಟು ಹೊತ್ತು ಮೀಸಲಾಗಬೇಕು, ಅದಕ್ಕೆ ತಕ್ಕ ಹಣ ಸಿಗಬೇಕು.

ಮನೆಯಲ್ಲಿ ಇಂಥ ಕಾಯಿಲೆಯವರು ಇರುವವರಿಗೆ ಈಗಲೇ ಮಾಡಬಹುದಾದ ಕೆಲವು ಕೆಲಸಗಳಿವೆ. ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ, ಹಿಂದಿನ ಔಷಧ ಚೀಟಿಗಳ ಫೋಟೊ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ, ದೂರದಿಂದ ನೋಡುವವರು ಮೊದಲು ಕೇಳುವುದೇ ಅದನ್ನು. ಮುಂದಿನ ಸಲ ವೈದ್ಯರ ಬಳಿ ಹೋದಾಗ ಗುಳಿಗೆಯ ಜೊತೆಗೆ “ಇವನಿಗೆ ಪುನರ್ವಸತಿ ಬೇಕು, ಫೋನಿನಲ್ಲಿ ಕೊಡುತ್ತೀರಾ?” ಎಂದು ಬಾಯಿಬಿಟ್ಟು ಕೇಳಿ. ಗ್ರಾಮ ಪಂಚಾಯಿತಿಗೆ ಹೋಗಿ ವಿಆರ್‌ಡಬ್ಲ್ಯು ಯಾರೆಂದು ವಿಚಾರಿಸಿ, ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡಿಗೆ ಅರ್ಜಿ ಹಾಕಿಸಿ. ಅಸಾಮರ್ಥ್ಯ ಶೇ 40 ಅಥವಾ ಅದಕ್ಕಿಂತ ಹೆಚ್ಚು ಎಂದು ಪ್ರಮಾಣೀಕರಿಸಿದರೆ ಹಲವು ಸೌಲಭ್ಯಗಳ ಬಾಗಿಲು ತೆರೆಯುತ್ತದೆ. ಯಾರನ್ನು ಕೇಳಬೇಕೆಂದೇ ತೋಚದಿದ್ದರೆ 14416ಕ್ಕೆ ಕರೆ ಮಾಡಿ, ನಿಮ್ಮ ಜಿಲ್ಲೆಯ ಮಾನಸಿಕ ಆರೋಗ್ಯ ತಂಡ ಎಲ್ಲಿದೆ, ಯಾವ ದಿನ ಸಿಗುತ್ತದೆ ಎಂದು ಕೇಳಿ ಬರೆದುಕೊಳ್ಳಿ.